ಪಿತ್ತರಸ, ಕರುಳು ಮತ್ತು ನಮ್ಮ ಊಟ



ತಲೆ ಸುತ್ತಿದರೆ ನಾವು ‘ಪಿತ್ತ ಆಗಿದೆ’ ಅಂತೀವಿ. ಯಾರಾದರೂ ರೇಗಿದರೆ ‘ಪಿತ್ತ ನೆತ್ತಿಗೇರಿತು’ ಅಂತೀವಿ. ಈ ಪಿತ್ತ ಎಲ್ಲಿರುತ್ತದೆ? ಏನು ಕೆಲಸ ಮಾಡುತ್ತದೆ? ಇವತ್ತು ತಿಳಿಯೋಣ.

ಕೋಳಿ ಹಸನು ಮಾಡುವವರಿಗೆ ಗೊತ್ತು. ಈಲಿಯ ಪಕ್ಕದಲ್ಲಿ ಒಂದು ಹಸಿರು ಚೀಲ ಇರುತ್ತದೆ. ಅದು ಒಡೆದರೆ ಮಾಂಸವೆಲ್ಲ ಕಹಿ. ನಮ್ಮ ಹೊಟ್ಟೆಯಲ್ಲೂ ಅಂಥದೇ ಚೀಲ ಇದೆ. ಅದರೊಳಗಿನ ಕಹಿ ನೀರೇ ಪಿತ್ತರಸ. ಅದನ್ನು ತಯಾರಿಸುವುದು ನಮ್ಮ ಈಲಿ, ಅಂದರೆ ಲಿವರ್. ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ತಯಾರಿಸುತ್ತದೆ.

ಜಿಡ್ಡು ಪಾತ್ರೆಯನ್ನು ಬರೀ ನೀರಲ್ಲಿ ತೊಳೆದರೆ ಜಿಡ್ಡು ಹೋಗುತ್ತದೆಯೇ? ಇಲ್ಲ. ಸೀಗೆಪುಡಿ ಇಲ್ಲವೇ ಸೋಪು ಬೇಕು. ಹೊಟ್ಟೆಯೊಳಗೆ ಆ ಕೆಲಸ ಮಾಡುವುದು ಪಿತ್ತರಸ. ಅದರಲ್ಲಿ ಪಿತ್ತಾಮ್ಲ ಎಂಬ ವಸ್ತುಗಳಿವೆ. ಅವು ಎಣ್ಣೆ, ತುಪ್ಪ, ಕೊಬ್ಬನ್ನು ಸಣ್ಣ ಸಣ್ಣ ಹನಿಯಾಗಿ ಒಡೆಯುತ್ತವೆ. ಆಗ ಜಿಡ್ಡು ಅರಗುತ್ತದೆ. ಆದ್ದರಿಂದ ಪಿತ್ತರಸ ನಮ್ಮ ಶತ್ರು ಅಲ್ಲ.

ಕೆಲಸ ಮುಗಿದ ಮೇಲೆ 100 ಪಾಲು ಪಿತ್ತಾಮ್ಲದಲ್ಲಿ ಸುಮಾರು 95 ಪಾಲು ಈಲಿಗೆ ವಾಪಸು ಹೋಗುತ್ತದೆ. ಉಳಿದ 5 ಪಾಲು ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಅದನ್ನು ಬೇರೆ ರೂಪಕ್ಕೆ ತಿರುಗಿಸುತ್ತವೆ. ಈ ರೂಪ ತೀಕ್ಷ್ಣವಾದದ್ದು. ಜಿಡ್ಡಿನ ಊಟ ಹೆಚ್ಚಾದರೆ ಇದೂ ಹೆಚ್ಚುತ್ತದೆ. ವರ್ಷಗಟ್ಟಲೆ ಹೀಗಾದರೆ ಕರುಳಿನ ಒಳಗೋಡೆ ಕೆರಳುತ್ತದೆ.

ಚರ್ಮದ ಮೇಲೆ ನರಹುಲಿ ಏಳುವುದನ್ನು ನೋಡಿದ್ದೀರಿ. ಕರುಳಿನ ಒಳಗೂ ಸಣ್ಣ ಗಂಟು ಏಳಬಹುದು. ಇದಕ್ಕೆ ಪಾಲಿಪ್ ಅಂತಾರೆ. ಎಲ್ಲ ಗಂಟೂ ಕ್ಯಾನ್ಸರ್ ಆಗುವುದಿಲ್ಲ. ಕೆಲವು ಮಾತ್ರ ಆಗುತ್ತವೆ. ಅದಕ್ಕೂ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಬೇಕು. ಪಿತ್ತಾಮ್ಲ ಒಂದೇ ಇದಕ್ಕೆ ಕಾರಣ ಅಲ್ಲ. ವಯಸ್ಸು, ಮನೆತನ, ತಂಬಾಕು, ಹೆಂಡ, ಬೊಜ್ಜು ಇವೂ ಕಾರಣ.

ಊಟ ಬದಲಾದರೆ ಕರುಳು ಬದಲಾಗುತ್ತದೆಯೇ? 2015ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ದಕ್ಷಿಣ ಆಫ್ರಿಕಾದ ಹಳ್ಳಿಯ 20 ಜನ, ಅಮೆರಿಕದಲ್ಲಿರುವ ಆಫ್ರಿಕಾ ಮೂಲದ 20 ಜನ ಇದರಲ್ಲಿ ಸೇರಿದ್ದರು. ಎರಡು ವಾರ ಊಟ ಅದಲು ಬದಲು ಮಾಡಿದರು. ಅಮೆರಿಕದವರು ನಾರು ಹೆಚ್ಚು, ಜಿಡ್ಡು ಕಡಿಮೆ ಇರುವ ಹಳ್ಳಿಯ ಊಟ ಉಂಡರು. ಹಳ್ಳಿಯವರು ಮಾಂಸ, ಜಿಡ್ಡು ಹೆಚ್ಚಿರುವ ಅಮೆರಿಕದ ಊಟ ಉಂಡರು. ಎರಡೇ ವಾರದಲ್ಲಿ ಅಮೆರಿಕದವರ ಕರುಳಿನಲ್ಲಿ ತೀಕ್ಷ್ಣ ಪಿತ್ತಾಮ್ಲ ಇಳಿಯಿತು. ಕರುಳಿನ ಕೆರಳಿಕೆಯೂ ತಗ್ಗಿತು. ಹಳ್ಳಿಯವರಲ್ಲಿ ಎರಡೂ ಏರಿದವು.

ಇದರಲ್ಲಿ ನಮಗೂ ಪಾಠ ಇದೆ. ರಾಗಿ ಮುದ್ದೆ, ಜೋಳದ ರೊಟ್ಟಿ, ಸೊಪ್ಪು, ಹುರುಳಿ, ಅವರೆಕಾಳು, ತರಕಾರಿ ಇವುಗಳಲ್ಲಿ ನಾರು ಇದೆ. ನಾರು ಪಿತ್ತಾಮ್ಲವನ್ನು ಹಿಡಿದು ಮಲದೊಂದಿಗೆ ಹೊರಗೆ ಸಾಗಿಸುತ್ತದೆ. ‘ಮುದ್ದೆ ಬಡವರ ಊಟ’ ಅಂತ ಕೀಳಾಗಿ ಕಾಣಬೇಡಿ. ದಿನಾ ಬೋಂಡ, ಬಜ್ಜಿ, ಚಿಪ್ಸು ಬೇಡ. ಹಬ್ಬಕ್ಕೆ ಇರಲಿ. ಕಡ್ಡಿಪುಡಿ, ಹೊಗೆಸೊಪ್ಪು ಬಿಡಿ.

ಇನ್ನೊಂದು ಮಾತು. ಇದು ಬಹಳ ಮುಖ್ಯ. ಮಲದಲ್ಲಿ ರಕ್ತ ಕಂಡರೆ ನಾವು ಹೆಂಗಸರು ಯಾರಿಗೂ ಹೇಳುವುದಿಲ್ಲ. ನಾಚಿಕೆ. ‘ಮೂಲವ್ಯಾಧಿ ಇರಬೇಕು’ ಅಂತ ಸುಮ್ಮನಾಗುತ್ತೇವೆ. ಮೂಲವ್ಯಾಧಿಯೇ ಇರಬಹುದು. ಆದರೆ ಅದನ್ನು ಹೇಳಬೇಕಾದವರು ಡಾಕ್ಟರು. ಮಲ ಕಪ್ಪಾದರೆ, ಮಲ ಹೋಗುವ ರೀತಿ ವಾರಗಟ್ಟಲೆ ಬದಲಾದರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತ ಕಡಿಮೆಯಾಗಿ ಸುಸ್ತಾದರೆ ಆಸ್ಪತ್ರೆಗೆ ಹೋಗಿ. ಗಂಟು ಸಣ್ಣದಿದ್ದಾಗ ಏನೂ ಗೊತ್ತಾಗದೆ ಇರಬಹುದು. ಆದ್ದರಿಂದ ತಂದೆ, ತಾಯಿ, ಒಡಹುಟ್ಟಿದವರಿಗೆ ಈ ರೋಗ ಬಂದಿದ್ದರೆ, ತೊಂದರೆ ಇಲ್ಲದಿದ್ದರೂ ಡಾಕ್ಟರಿಗೆ ತಿಳಿಸಿ.

ಡಾಕ್ಟರು ಮಲ ಪರೀಕ್ಷೆ ಮಾಡಿಸಬಹುದು. ಬೇಕಾದರೆ ಬಳುಕುವ ತೆಳು ಕೊಳವೆ ಬಿಟ್ಟು ಕರುಳಿನ ಒಳಗೆ ನೋಡುತ್ತಾರೆ. ಇದಕ್ಕೆ ಕೊಲೊನೊಸ್ಕೋಪಿ ಅಂತ ಹೆಸರು. ಗಂಟು ಕಂಡರೆ ಸಾಮಾನ್ಯವಾಗಿ ಆ ಕೊಳವೆಯಿಂದಲೇ ತೆಗೆಯುತ್ತಾರೆ. ಹೊಟ್ಟೆ ಕೊಯ್ಯಬೇಕಿಲ್ಲ. ಗಂಟು ಹೋದರೆ ಅದು ಕ್ಯಾನ್ಸರ್ ಆಗುವ ಭಯವೂ ಹೋಯಿತು.

ಮನೆಯವರಿಗೆಲ್ಲ ಬಡಿಸಿ ಕೊನೆಗೆ ಉಣ್ಣುವವರು ನಾವು. ನಮ್ಮ ನೋವನ್ನೂ ಕೊನೆಗೇ ಹೇಳುತ್ತೇವೆ. ಇನ್ನು ಮುಂದೆ ಮೊದಲೇ ಹೇಳೋಣ. ಈ ಪಾಠವನ್ನು ಇವತ್ತು ರಾತ್ರಿ ಮನೆಯಲ್ಲಿ ಗಟ್ಟಿಯಾಗಿ ಓದಿ. ಅತ್ತೆಯೂ ಕೇಳಲಿ, ಮಗಳೂ ಕೇಳಲಿ.