ನಗರದ ಚರಿತ್ರೆಯಲ್ಲಿ ನಮ್ಮ ಪಾಲು
(ಹೈದರಾಬಾದಿನ ಕನ್ನಡ ಕಾರ್ಮಿಕರ ವಾರ್ಷಿಕ ಕೂಟದಲ್ಲಿ ಮಾಡಿದ ಭಾಷಣ)



ಸಂಬಳ, ರಜೆ, ಬೋನಸ್ಸುಗಳ ಮಾತು ನಡೆಯಬೇಕಾದ ಕೂಟದಲ್ಲಿ ಮ್ಯೂಜಿಯಮ್ಮಿನ ಮಾತೆತ್ತಿದರೆ ಕೆಲವರಿಗೆ ನಗು ಬಂದೀತು. ಬರಲಿ. ನಾವು ಮಿಡ್ಲ್ ಸ್ಕೂಲಿನಾಚೆ ಓದಿದವರಲ್ಲ. ಚರಿತ್ರೆಯ ಪಂಡಿತರಂತೂ ಅಲ್ಲ. ಆದರೆ ರಜೆಯ ದಿನಗಳಲ್ಲಿ ಸಂಗಾತಿಗಳನ್ನು ಕೂಡಿಸಿಕೊಂಡು ಈ ಊರಿನ ಅಜಾಯಬ್‌ಘರುಗಳನ್ನೂ ಹಳೆಯ ಕಟ್ಟಡಗಳನ್ನೂ ನೋಡಿ ಬಂದೆವು. ಅಲ್ಲಿ ಕಂಡದ್ದಕ್ಕೂ ನಮ್ಮ ಸಂಬಳ ಸವಲತ್ತಿಗೂ ನಂಟಿದೆ. ಅದನ್ನೇ ಇಂದು ತಮ್ಮ ಮುಂದಿಡುತ್ತೇವೆ.

ಮೊದಲು ಸಾಲಾರ್‌ಜಂಗ್ ಮ್ಯೂಜಿಯಂ. ಬಹುಪಾಲು ಒಬ್ಬನೇ ಶ್ರೀಮಂತ, ಮೂರನೆಯ ಸಾಲಾರ್‌ಜಂಗ್ ಕೂಡಿಸಿದ ವಸ್ತುಗಳು ಅಲ್ಲಿವೆ. ಅವರು 1949ರಲ್ಲಿ ತೀರಿಕೊಂಡರು. 1951ರ ಡಿಸೆಂಬರ್ 16ರಂದು ನೆಹರೂ ಅವರು ದಿವಾನ್ ದೇವಡಿಯಲ್ಲಿ ಮ್ಯೂಜಿಯಮ್ಮನ್ನು ತೆರೆದರು. 1968ರಲ್ಲಿ ಅದು ಮೂಸಿ ದಂಡೆಯ ಈಗಿನ ಕಟ್ಟಡಕ್ಕೆ ಬಂತು. ಶುಕ್ರವಾರ ಬಾಗಿಲು ಹಾಕಿರುತ್ತದೆ, ಹೋಗುವವರು ನೆನಪಿಡಬೇಕು.

ಅಲ್ಲಿ ಎಲ್ಲರೂ ಮುಗಿಬೀಳುವುದು ಗಡಿಯಾರದ ಮುಂದೆ. ಗಂಟೆಯಾಗುವ ಹೊತ್ತಿಗೆ ಬಾಗಿಲು ತೆರೆದು ಗಡ್ಡದ ಪುಟ್ಟ ಬೊಂಬೆಯೊಂದು ಹೊರಬರುತ್ತದೆ; ಎಷ್ಟು ಗಂಟೆಯೋ ಅಷ್ಟು ಪೆಟ್ಟು ಜಾಗಟೆ ಬಾರಿಸಿ ಒಳಗೆ ಹೋಗುತ್ತದೆ. ಜನ ಚಪ್ಪಾಳೆ ತಟ್ಟಿ ಚದರುತ್ತಾರೆ. ಅದೇ ಗಡಿಯಾರದಲ್ಲಿ ಇನ್ನೊಂದು ಬೊಂಬೆಯಿದೆ: ಒಬ್ಬ ಕಮ್ಮಾರ. ಅವನು ಸೆಕೆಂಡಿಗೊಂದರಂತೆ ಸುತ್ತಿಗೆ ಪೆಟ್ಟು ಹಾಕುತ್ತಲೇ ಇರುತ್ತಾನೆ. ಅವನಿಗೆ ಬಾಗಿಲೂ ಇಲ್ಲ, ಬಿಡುವೂ ಇಲ್ಲ, ಚಪ್ಪಾಳೆಯೂ ಇಲ್ಲ. ನಮ್ಮ ಜೊತೆ ಬಂದಿದ್ದ ಕ್ಲೀನರ್ ಹುಡುಗನೊಬ್ಬ, "ಅಣ್ಣಾ, ಅವನು ನಮ್ಮವನು" ಎಂದ. ನಾವೆಲ್ಲ ನಕ್ಕೆವು. ಆದರೆ ಚರಿತ್ರೆಯನ್ನು ನೋಡುವ ಕಣ್ಣು ಅದೇ ಎಂದು ಆಮೇಲೆ ಅನ್ನಿಸಿತು.

ಆ ಕಣ್ಣಿನಿಂದ ಗೋಲ್ಕೊಂಡವನ್ನು ನೋಡಿ. ಕೆಳಗಿನ ಫತೇ ದರವಾಜೆಯಲ್ಲಿ ಚಪ್ಪಾಳೆ ತಟ್ಟಿದರೆ ಮೇಲಿನ ಬಾಲಾ ಹಿಸಾರಿಗೆ ಕೇಳಿಸುತ್ತದೆಂದು ಗೈಡುಗಳು ತೋರಿಸುತ್ತಾರೆ. ಅಷ್ಟು ಎತ್ತರಕ್ಕೆ ನೀರು ಏರಿದ್ದು ಹೇಗೆ? ರಾಟೆಗಳಿಂದ ಹಂತ ಹಂತವಾಗಿ ಎತ್ತಿ, ಮಣ್ಣಿನ ಕೊಳವೆಗಳಲ್ಲಿ ಹರಿಸಿ. ಸುಲ್ತಾನರ ಹೆಸರು ಎಲ್ಲರಿಗೂ ಗೊತ್ತು. ರಾಟೆ ತಿರುಗಿಸಿದವನ ಹೆಸರು ಯಾವ ಹಲಗೆಯ ಮೇಲೂ ಇಲ್ಲ.

"ಇದು ಪರರ ಊರು, ನಾವು ಹೊಟ್ಟೆಪಾಡಿಗೆ ಬಂದವರು" ಎಂದು ನಮ್ಮಲ್ಲಿ ಅನೇಕರು ಹೇಳುವುದುಂಟು. ಇದು ಪೂರ್ತಿ ನಿಜವಲ್ಲ. ಕಲಬುರ್ಗಿ, ರಾಯಚೂರು, ಬೀದರ ಕಡೆಯ ಬಂಧುಗಳಿಗೆ 1956ರ ನವೆಂಬರ್ 1ರವರೆಗೆ ರಾಜಧಾನಿ ಇದೇ ಊರು. ಇನ್ನೂ ಹಿಂದಕ್ಕೆ ಹೋದರೆ, ಆಲೇರು ಸ್ಟೇಷನ್ನಿಗೆ ಹತ್ತಿರದ ಕೊಲನುಪಾಕದಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ಶಾಸನಗಳಿವೆ. ಕರೀಂನಗರದ ಕಡೆ ಕುರಿಕ್ಯಾಲದ ಬೊಮ್ಮಲಗುಟ್ಟದಲ್ಲಿ ಆದಿಕವಿ ಪಂಪನ ತಮ್ಮ ಜಿನವಲ್ಲಭನು ಹತ್ತನೆಯ ಶತಮಾನದಲ್ಲಿ ಬರೆಸಿದ ಶಾಸನವಿದೆ. ಪಂಪನ ಮನೆತನದ ವಿಷಯವೂ, ಅವನಿಗೆ ಅರಿಕೇಸರಿ ಅಗ್ರಹಾರ ಕೊಟ್ಟ ವಿಷಯವೂ ಅದರಲ್ಲಿದೆ. ಒಂದೇ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಒಬ್ಬರು ಮೇಲು, ಒಬ್ಬರು ಕೀಳು ಎಂದು ಬಂಡೆ ಹೇಳುವುದಿಲ್ಲ. ಪಕ್ಕದ ಮೇಜಿನ ತೆಲುಗು ಗೆಳೆಯನ ಜೊತೆ ಒಂದೇ ಸಂಘದಲ್ಲಿರಲು ನಮಗೆ ಇದಕ್ಕಿಂತ ಹಳೆಯ ಮೇಲ್ಪಂಕ್ತಿ ಬೇಕೆ?

ಮೂಸಿ ನದಿಯ ಕಥೆಯನ್ನೂ ಕೇಳಿ. 1908ರ ಸೆಪ್ಟೆಂಬರ್ 28ರಂದು ಅದು ಉಕ್ಕಿ ಊರನ್ನು ನುಂಗಿತು. ಸಾವಿರಾರು ಜನ ಸತ್ತರು. ಉಸ್ಮಾನಿಯಾ ಆಸ್ಪತ್ರೆಯ ಆವರಣದ ಹುಣಸೆಮರವನ್ನು ಹತ್ತಿ ಕುಳಿತು ನೂರೈವತ್ತು ಜನ ಉಳಿದರೆಂದು ಹೇಳುತ್ತಾರೆ. ಮತ್ತೆ ಹಾಗಾಗದಂತೆ ಉಪಾಯ ಹೇಳಲು 1909ರಲ್ಲಿ ನಿಜಾಮರ ಸರ್ಕಾರ ಕರೆಸಿದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಮೇಲ್ಗಡೆಯೇ ನೀರು ತಡೆಯಬೇಕೆಂದು ಅವರು ಸೂಚಿಸಿದರು. ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ, ಈಸಿ ನದಿಗೆ ಹಿಮಾಯತ್ ಸಾಗರ 1927ರಲ್ಲಿ ಆದುವು. ನಾವು ಕಾಫಿಗೆ ಇಡುವ ನೀರಿನ ಋಣದಲ್ಲಿ ಒಬ್ಬ ಕನ್ನಡಿಗರ ಪಾಲಿದೆ. ಕಲ್ಲು ಹೊತ್ತ ಕೂಲಿಗಳ ಪಾಲೂ ಇದೆ, ಅವರ ಪಟ್ಟಿ ಮಾತ್ರ ಎಲ್ಲೂ ತೂಗುಹಾಕಿಲ್ಲ.

ಇನ್ನು ಗಿರಣಿಗಳ ಮಾತು. ಟ್ಯಾಂಕ್‌ಬಂಡಿನ ಕೆಳಗೆ ದಿವಾನ್ ಬಹಾದ್ದೂರ್ ರಾಮ್‌ಗೋಪಾಲ್ ಮಿಲ್ಲು ಇತ್ತು. ವಾರಂಗಲ್ಲಿನ ಆಜಂ ಜಾಹಿ ಮಿಲ್ಲು 1934ರಲ್ಲಿ ಆರಂಭವಾಗಿ 2002ರಲ್ಲಿ ಮುಚ್ಚಿತು. ಕಲಬುರ್ಗಿಯ ಎಂ.ಎಸ್.ಕೆ. ಮಿಲ್ಲು ಈಗ ಬಡಾವಣೆಯ ಹೆಸರಾಗಿ ಉಳಿದಿದೆ. ಎಷ್ಟು ಸಾವಿರ ಮನೆಗಳ ಒಲೆ ಅವುಗಳ ಭೋಂಗಾ ಕೇಳಿ ಹೊತ್ತಿಕೊಳ್ಳುತ್ತಿತ್ತು! ಈಗ ಭೋಂಗಾ ಕೂಗುವುದಿಲ್ಲ. ಕೇಳಿದ್ದವರಿಗೂ ವಯಸ್ಸಾಯಿತು. ಈ ಊರಿನ ಮ್ಯೂಜಿಯಮ್ಮುಗಳಲ್ಲಿ ಕತ್ತಿ ಕಠಾರಿ ನೋಡಿದೆವು, ಪಬ್ಲಿಕ್ ಗಾರ್ಡನ್ನಿನಲ್ಲಿ ಈಜಿಪ್ಟಿನ ಮಮ್ಮಿಯನ್ನೂ ನೋಡಿದೆವು. ಗಿರಣಿಯ ಒಂದು ಸಾಂಚಾ, ಹೋಟೆಲಿನ ಒಂದು ಒರಳುಕಲ್ಲು ಮಾತ್ರ ನಮ್ಮ ಕಣ್ಣಿಗೆ ಬೀಳಲಿಲ್ಲ.

ಕೂಲಿಕಾರರ ಸಾಮಾನನ್ನು ಯಾರು ನೋಡುತ್ತಾರೆ ಎನ್ನುತ್ತೀರಾ? ನೋಡುವವರಿದ್ದಾರೆ. ಅಮೇರಿಕದ ಲೊವೆಲ್ ಎಂಬ ಗಿರಣಿ ಊರಿನ ವಿಷಯ ಓದಿದೆವು. ಹಳ್ಳಿಯ ಹೆಣ್ಣುಮಕ್ಕಳು ಬಂದು ನೂಲು ತೆಗೆದು ಬಟ್ಟೆ ನೇಯ್ದ ಊರು ಅದು. ಕೂಲಿ ಕಡಿಮೆ ಮಾಡಿದ್ದಕ್ಕೆ 1834ರಲ್ಲಿ, ಊಟ ವಸತಿಯ ಹಣ ಏರಿಸಿದ್ದಕ್ಕೆ 1836ರಲ್ಲಿ ಅವರು ಕೆಲಸ ಬಿಟ್ಟು ಬೀದಿಗಿಳಿದರು. ಗಿರಣಿಗಳು ಮುಚ್ಚಿದ ಮೇಲೆ 1978ರಲ್ಲಿ ಅಲ್ಲಿನ ಸರ್ಕಾರ ಅದನ್ನು ರಾಷ್ಟ್ರೀಯ ಚಾರಿತ್ರಿಕ ಸ್ಥಳವೆಂದು ಸಾರಿತು. ನೇಯ್ಗೆಯ ಕೋಣೆಯಲ್ಲಿ ಮಗ್ಗಗಳನ್ನು ಓಡಿಸಿಯೇ ತೋರಿಸುತ್ತಾರೆ. ಆ ಸದ್ದಿನಲ್ಲಿ ಕಿವಿ ಏನಾಗುತ್ತಿತ್ತೆಂದು ಬಂದವರಿಗೆ ತಿಳಿಯಲಿ ಎಂದು. ಹೆಣ್ಣುಮಕ್ಕಳು ಉಂಡ ಮನೆಯನ್ನೂ ಕಾಪಾಡಿದ್ದಾರೆ.

ನ್ಯೂಯಾರ್ಕಿನಲ್ಲಿ 1863ರಲ್ಲಿ ಕಟ್ಟಿದ ಒಂದು ಬಾಡಿಗೆ ವಠಾರವೇ ಮ್ಯೂಜಿಯಂ. ಹೊರದೇಶಗಳಿಂದ ದುಡಿಯಲು ಬಂದ ಬಡವರು ಆ ಕೋಣೆಗಳಲ್ಲಿ ಹೇಗೆ ಸಂಸಾರ ಮಾಡಿದರೆಂದು ಅಲ್ಲಿ ತೋರಿಸುತ್ತಾರೆ.

ಗ್ರೀನ್ಸ್‌ಬರೋ ಎಂಬ ಊರಿನದು ನಮ್ಮ ಕಸುಬಿಗೆ ಇನ್ನೂ ಹತ್ತಿರದ ಕಥೆ. 1960ರ ಫೆಬ್ರವರಿ 1ರಂದು ನಾಲ್ವರು ಕರಿಯ ವಿದ್ಯಾರ್ಥಿಗಳು ಒಂದು ಅಂಗಡಿಯ ಊಟದ ಕೌಂಟರಿನಲ್ಲಿ ಕುಳಿತು ಕಾಫಿ ಕೇಳಿದರು. ಬಿಳಿಯರಿಗೆ ಮಾತ್ರ ಎಂದು ಕೊಡಲಿಲ್ಲ. ಅವರು ಏಳಲಿಲ್ಲ, ಮರುದಿನ ಮತ್ತಷ್ಟು ಜನ ಬಂದು ಕುಳಿತರು. ಜುಲೈ 25ರಂದು ಆ ಕಟ್ಟಳೆ ಮುರಿಯಿತು. ಅಂದು ಮೊದಲು ಕುಳಿತು ಉಂಡವರು ಯಾರು ಗೊತ್ತೆ? ಅದೇ ಅಂಗಡಿಯಲ್ಲಿ ದುಡಿಯುತ್ತಿದ್ದ ಕರಿಯ ಕೆಲಸಗಾರರು! 2010ರಿಂದ ಆ ಕಟ್ಟಡ ಮ್ಯೂಜಿಯಂ ಆಗಿದೆ. ನಮ್ಮ ಕಡೆಯ ಹೋಟೆಲುಗಳಲ್ಲೂ ಬ್ರಾಹ್ಮಣರಿಗೆ ಬೇರೆ ಕೋಣೆ, ಕೆಲವರಿಗೆ ಒಳಗೆ ಪ್ರವೇಶವೇ ಇಲ್ಲ ಎಂಬ ಕಾಲವಿತ್ತು. ಆ ಗೋಡೆ ಬಿದ್ದದ್ದು ಹೇಗೆಂದು ಹೇಳುವ ಒಂದು ಬೆಂಚನ್ನಾದರೂ ನಾವು ಉಳಿಸಿಕೊಂಡಿದ್ದೇವೆಯೇ?

ಚರಿತ್ರೆಗೂ ಸಂಬಳಕ್ಕೂ ಇರುವ ನಂಟನ್ನು ಈಗ ಹೇಳುತ್ತೇವೆ. ಇದೇ ಊರಿನ ಒಂದು ಹೋಟೆಲಿನಲ್ಲಿ ಕುಂದಾಪುರದ ಕಡೆಯ ಹಿರಿಯರೊಬ್ಬರು ಇಪ್ಪತ್ತೆರಡು ವರ್ಷ ದೋಸೆ ಕಾವಲಿಯ ಮುಂದೆ ನಿಂತರು. ನಡುವೆ ಮಾಲೀಕರು ಬದಲಾದರು. ಕೆಲಸ ಬಿಡುವಾಗ ಗ್ರಾಚ್ಯುಟಿ ಕೇಳಿದರೆ, "ನೀನು ನನ್ನ ಲೆಕ್ಕದಲ್ಲಿ ನಾಲ್ಕೇ ವರ್ಷ" ಎಂದರು ಹೊಸಬರು. ಹಳೆಯ ಹಾಜರಿ ಪುಸ್ತಕ ಸಿಗಲಿಲ್ಲ. ಕೊನೆಗೆ ಅವರನ್ನು ಉಳಿಸಿದ್ದು ಊರಿನಲ್ಲಿ ಅವರ ಅಮ್ಮ ಟ್ರಂಕಿನಲ್ಲಿ ಕಟ್ಟಿಟ್ಟಿದ್ದ ಮನಿಯಾರ್ಡರ್ ಕೂಪನುಗಳು. ಒಂದೊಂದರಲ್ಲೂ ಮಗನ ಕೈಬರಹ, ಹೋಟೆಲಿನ ವಿಳಾಸ, ಟಪಾಲಿನ ಮುದ್ರೆ. ಆ ಕಟ್ಟನ್ನು ಮೇಜಿನ ಮೇಲಿಟ್ಟಾಗ ಮಾಲೀಕರು ಮಾತಿಗೆ ಬಂದರು, ಇಪ್ಪತ್ತೆರಡು ವರ್ಷಕ್ಕೂ ಲೆಕ್ಕ ಹಾಕಿದರು. ಓದು ಬಾರದ ಆ ತಾಯಿ ಮಾಡಿದ್ದೇ ಮ್ಯೂಜಿಯಮ್ಮಿನ ಕೆಲಸ. ದಾಖಲೆ ಇಲ್ಲದವನ ದುಡಿಮೆಯನ್ನು ಲೋಕ ಸುಲಭವಾಗಿ ಅಲ್ಲಗಳೆಯುತ್ತದೆ. ಇದು ಒಬ್ಬನಿಗೆ ಹೇಗೋ, ಒಂದು ವರ್ಗಕ್ಕೂ ಹಾಗೆಯೇ.

ಆದ್ದರಿಂದ ಸಭೆಯ ಮುಂದೆ ಮೂರು ಸೂಚನೆಗಳನ್ನಿಡುತ್ತೇವೆ. ಒಂದು, ಸಂಘದ ಕೋಣೆಯಲ್ಲಿ ಬೀಗವಿರುವ ಒಂದು ಕಪಾಟನ್ನು ಇದಕ್ಕಾಗಿಯೇ ಇಡಬೇಕು. ಹಳೆಯ ಸಂಬಳದ ಚೀಟಿ, ಗಿರಣಿಯ ಬಿಲ್ಲೆ, ಮುಷ್ಕರದ ಕರಪತ್ರ, ಹೋಟೆಲಿನ ಹಳೆಯ ದರಪಟ್ಟಿ, ಒಂದು ಲಾಳಿ, ಗಣೇಶನ ಹಬ್ಬದ ಗುಂಪು ಫೋಟೋ, ಏನಿದ್ದರೂ ತನ್ನಿ. ಕೊಟ್ಟವರ ಹೆಸರು, ಊರು, ವರ್ಷ ಬರೆದು ಇಡೋಣ. ಎರಡು, ಗಿರಣಿಯಲ್ಲಿ ದುಡಿದ ಹಿರಿಯರ ಬಳಿ ಕುಳಿತು ಅವರ ಮಾತನ್ನು ಬರೆದುಕೊಳ್ಳಬೇಕು. ಮೊಬೈಲಿನಲ್ಲಿ ಧ್ವನಿ ಹಿಡಿಯಲು ನಮ್ಮ ಹುಡುಗರಿಗೆ ಯಾರೂ ಕಲಿಸಬೇಕಾಗಿಲ್ಲ. ಮೂರು, ತಿಂಗಳಿಗೊಮ್ಮೆ ಪಾಳಿಯ ಅನುಕೂಲ ನೋಡಿ ಒಂದು ತಂಡ ಒಂದು ಸ್ಥಳಕ್ಕೆ ಹೋಗಿ ಬರಬೇಕು. ಬುತ್ತಿ ಕಟ್ಟಿಕೊಳ್ಳಲು ನಮಗೆ ತೊಂದರೆಯಿಲ್ಲ. ಊರಿಗೆಲ್ಲ ಉಣಬಡಿಸುವವರು ನಾವೇ ತಾನೆ!

ಹೋದಲ್ಲಿ ಒಂದೇ ಪ್ರಶ್ನೆ ಕೇಳಿ: ಇದನ್ನು ಕಟ್ಟಿದ ಕೈ ಯಾರದು? ಉತ್ತರ ಹಲಗೆಯ ಮೇಲಿಲ್ಲದಿದ್ದರೆ ಅಲ್ಲಿನ ಅಧಿಕಾರಿಗಳನ್ನು ವಿನಯದಿಂದ ಕೇಳಿ. ನೂರು ಜನ ಕೇಳಿದರೆ ಹಲಗೆ ಬದಲಾದೀತು.

ಕಪಾಟಿಗೆ ಮೊದಲ ವಸ್ತುವಾಗಿ ಆ ತಾಯಿಯ ಒಂದು ಮನಿಯಾರ್ಡರ್ ಕೂಪನನ್ನು ಹಿರಿಯರು ಸಂತೋಷದಿಂದ ಕೊಟ್ಟಿದ್ದಾರೆ. ಅದನ್ನು ಅಧ್ಯಕ್ಷರ ಕೈಗೆ ಒಪ್ಪಿಸುತ್ತಿದ್ದೇವೆ. ಎರಡನೆಯದು ತಮ್ಮ ಟ್ರಂಕುಗಳಿಂದ ಬರಲಿ.