ನೊಬೆಲ್ ತಂದ ಪೇಪರಿಗೆ ಎಷ್ಟು ಮಾರ್ಕ್ಸ್?

 

ಪ್ರತಿ ವರ್ಷ ಮಳೆಗಾಲ ಮುಗಿಯೋ ಹೊತ್ತಿಗೆ ನಮ್ಮ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಬರುತ್ತೆ. ‘ವಿಶ್ವದ ಅಗ್ರ ಶೇ. 2ರಷ್ಟು ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ವಿವಿಯ ಪ್ರಾಧ್ಯಾಪಕರು’ ಅಂತ. ಪಕ್ಕದಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋಗಳು. ವಾಟ್ಸ್‌ಆ್ಯಪ್ ಗ್ರೂಪಲ್ಲಿ ಅಭಿನಂದನೆ, ಹೂಗುಚ್ಛ. ಖುಷಿ ಪಡೋ ವಿಷಯನೇ, ಇಲ್ಲ ಅನ್ನಲ್ಲ. ಆದ್ರೆ ಈ ಶೇ. 2 ಅನ್ನೋದನ್ನ ಯಾರು, ಯಾವ ತಕ್ಕಡಿಯಲ್ಲಿ ತೂಗಿದ್ರು?

ನಾನು ಓದಿದ್ದು ಬಿಕಾಂ. ಲ್ಯಾಬ್ ಕೋಟು ಒಂದಿನವೂ ಹಾಕಿಲ್ಲ. ಆದ್ರೆ ಯಾವುದೇ ಸಂಖ್ಯೆ ಕಣ್ಣಿಗೆ ಬಿದ್ರೂ ‘ಇದು ಯಾವ ಖಾತೆಯಿಂದ ಬಂತು?’ ಅಂತ ಕೇಳೋ ಚಟ ಮಾತ್ರ ಬಿಟ್ಟಿಲ್ಲ. ಇವತ್ತು ವೈದ್ಯಕೀಯ ಸಂಶೋಧಕರ ಲೆಕ್ಕದ ಪುಸ್ತಕ ತೆಗೆದು ನೋಡೋಣ.

ಮೊದಲು ಆ ಪಟ್ಟಿ. ಇದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಕೊಡೋ ಪ್ರಶಸ್ತಿ ಅಲ್ಲ. ಅಲ್ಲಿನ ಪ್ರಾಧ್ಯಾಪಕ ಜಾನ್ ಅಯೊನಿಡಿಸ್ ಮತ್ತು ಅವರ ಜೊತೆಗಾರರು 2019ರಿಂದ ಪ್ರಕಟಿಸ್ತಿರೋ ಒಂದು ಡೇಟಾಬೇಸ್. ಮಾಹಿತಿ ಬರೋದು ಸ್ಕೋಪಸ್ ಅನ್ನೋ ಸಂಗ್ರಹದಿಂದ, ಅದರ ಮಾಲೀಕರು ಎಲ್ಸೆವಿಯರ್ ಪ್ರಕಾಶನ ಸಂಸ್ಥೆ. ಆರು ಅಳತೆಗಳನ್ನ ಕೂಡಿಸಿ ಒಂದು ಅಂಕ ಮಾಡ್ತಾರೆ. ಆರರಲ್ಲೂ ಮೂಲ ಸರಕು ಒಂದೇ: ಸೈಟೇಷನ್, ಅಂದ್ರೆ ಉಲ್ಲೇಖ. ನಿಮ್ಮ ಪ್ರಬಂಧವನ್ನ ಇನ್ನೊಬ್ಬ ಸಂಶೋಧಕ ತನ್ನ ಪ್ರಬಂಧದಲ್ಲಿ ಹೆಸರಿಸಿದ್ರೆ ನಿಮ್ಮ ಖಾತೆಗೆ ಒಂದು ಉಲ್ಲೇಖ ಜಮಾ.

ಈ ಲೋಕದ ಅತಿ ಜನಪ್ರಿಯ ಅಳತೆ ಎಚ್-ಇಂಡೆಕ್ಸ್. 2005ರಲ್ಲಿ ಹೋರ್ಹೆ ಹರ್ಶ್ ಅನ್ನೋ ಭೌತವಿಜ್ಞಾನಿ ಸೂಚಿಸಿದ್ದು. ಸುಲಭ ಇದೆ, ನನ್ನ ಶೋ ಲೆಕ್ಕದಲ್ಲೇ ಹೇಳ್ತೀನಿ. ನನ್ನ ಸಂಚಿಕೆಗಳಲ್ಲಿ ಕನಿಷ್ಠ 10 ಸಂಚಿಕೆಗೆ, ತಲಾ ಕನಿಷ್ಠ 10 ಕಾಮೆಂಟ್ ಬಂದಿದೆ ಅಂದ್ಕೊಳ್ಳಿ. 11 ಸಂಚಿಕೆಗೆ ತಲಾ 11 ಬಂದಿಲ್ಲ. ಆಗ ನನ್ನ ಎಚ್-ಇಂಡೆಕ್ಸ್ 10. ಕಾಮೆಂಟ್ ಜಾಗದಲ್ಲಿ ಉಲ್ಲೇಖ, ಸಂಚಿಕೆ ಜಾಗದಲ್ಲಿ ಪ್ರಬಂಧ ಇಟ್ಕೊಂಡ್ರೆ ಮುಗೀತು.

ಇದರ ಒಳ್ಳೇ ಗುಣ ಏನಂದ್ರೆ, ಯಾರೂ ಓದದ ನೂರು ಪ್ರಬಂಧ ಬರೆದು ದೊಡ್ಡವರಾಗೋಕೆ ಆಗಲ್ಲ. ಆದ್ರೆ ಇನ್ನೊಂದು ಬದಿ ನೋಡಿ. ಒಬ್ಬರ ಹತ್ರ 10 ಪ್ರಬಂಧ, ತಲಾ 10 ಉಲ್ಲೇಖ: ಎಚ್-ಇಂಡೆಕ್ಸ್ 10. ಇನ್ನೊಬ್ಬರ ಹತ್ರ ಮೂರೇ ಪ್ರಬಂಧ, ತಲಾ 5,000 ಉಲ್ಲೇಖ: ಎಚ್-ಇಂಡೆಕ್ಸ್ 3. ಅಷ್ಟೇ! ಒಂದು ಪ್ರಬಂಧ ಎಷ್ಟೇ ದೊಡ್ಡದಾಗಲಿ, ಈ ಲೆಕ್ಕಕ್ಕೆ ಅದು ಸೇರಿಸೋದು ಹೆಚ್ಚಂದ್ರೆ ಒಂದು.

ಈ ‘ಒಂದು’ ಅನ್ನೋದನ್ನ ತಲೆಯಲ್ಲಿಟ್ಕೊಂಡು ಒಬ್ಬರ ಕತೆ ಕೇಳಿ.

ಕಟಾಲಿನ್ ಕಾರಿಕೊ. ಹಂಗೇರಿಯವರು, ಕಟುಕನ ಮಗಳು. 1985ರಲ್ಲಿ ಗಂಡ, ಪುಟ್ಟ ಮಗಳ ಜೊತೆ ಅಮೆರಿಕಕ್ಕೆ ಹೋದ್ರು. 1989ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಸೇರಿದ್ರು. ಹಿಡಿದ ವಿಷಯ ಎಂಆರ್‌ಎನ್‌ಎ: ಜೀವಕೋಶಕ್ಕೆ ‘ಈ ಪ್ರೋಟೀನ್ ತಯಾರಿಸು’ ಅಂತ ಹೇಳೋ ಸಂದೇಶದ ಅಣು. ಅದನ್ನೇ ಔಷಧ ಮಾಡಬಹುದು ಅಂತ ಅವರ ಹಟ. ಅನುದಾನಕ್ಕೆ ಅರ್ಜಿ ಹಾಕಿದ್ರು, ತಿರಸ್ಕಾರ. ಮತ್ತೆ ಹಾಕಿದ್ರು, ಮತ್ತೆ ತಿರಸ್ಕಾರ. 1995ರಲ್ಲಿ ವಿಶ್ವವಿದ್ಯಾಲಯ ಅವರಿಗೆ ಹಿಂಬಡ್ತಿ ಕೊಡ್ತು. ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿರೋ ಒಂದು ಅಳತೆ ಇದೆ: ಪ್ರಯೋಗಾಲಯದ ಪ್ರತಿ ಚದರಡಿಗೆ ಎಷ್ಟು ಡಾಲರ್ ಅನುದಾನ ತಂದ್ರಿ ಅನ್ನೋದು. ಮಾಲ್‌ನಲ್ಲಿ ಅಂಗಡಿ ಬಾಡಿಗೆಗೆ ಕೊಡೋವಾಗ ಹಾಕೋ ಲೆಕ್ಕ ಅಲ್ವಾ ಇದು?

1990ರ ದಶಕದ ಕೊನೆಯಲ್ಲಿ, ಝೆರಾಕ್ಸ್ ಮಷೀನ್ ಹತ್ರ ಡ್ರೂ ವೈಸ್‌ಮನ್ ಅನ್ನೋ ರೋಗನಿರೋಧಕ ವಿಜ್ಞಾನಿಯ ಪರಿಚಯ ಆಯ್ತು. ಇವರಿಗೆ ಆರ್‌ಎನ್‌ಎ ಗೊತ್ತು, ಅವರಿಗೆ ರೋಗನಿರೋಧಕ ವ್ಯವಸ್ಥೆ ಗೊತ್ತು. ಹೊರಗಿಂದ ಎಂಆರ್‌ಎನ್‌ಎ ಕೊಟ್ರೆ ದೇಹ ಅದನ್ನ ಶತ್ರು ಅಂದ್ಕೊಂಡು ಉರಿಯೂತ ಎಬ್ಬಿಸ್ತಿತ್ತು. ಅದರಲ್ಲಿರೋ ಯೂರಿಡಿನ್ ಅನ್ನೋ ಘಟಕದ ಬದಲು ಸ್ಯೂಡೋಯೂರಿಡಿನ್ ಇಟ್ರೆ ಆ ಅಲಾರಾಂ ಅಷ್ಟಾಗಿ ಬಡಿಯಲ್ಲ ಅಂತ ಇಬ್ಬರೂ ಕಂಡ್ಕೊಂಡ್ರು. 2005ರಲ್ಲಿ ‘ಇಮ್ಯುನಿಟಿ’ ಅನ್ನೋ ಜರ್ನಲ್‌ನಲ್ಲಿ ಪ್ರಬಂಧ ಬಂತು. ಫೋನ್ ರಿಂಗಾಗುತ್ತೆ, ಎಲ್ಲ ಕಡೆಯಿಂದ ಕರೆ ಬರುತ್ತೆ ಅಂದ್ಕೊಂಡಿದ್ರು. ಬರಲೇ ಇಲ್ಲ.

2013ರಲ್ಲಿ ಕಾರಿಕೊ ಜರ್ಮನಿಯ ಬಯೋಎನ್‌ಟೆಕ್ ಕಂಪನಿಗೆ ಹೋದ್ರು. 2020ರಲ್ಲಿ ಕೋವಿಡ್. ಫೈಜರ್-ಬಯೋಎನ್‌ಟೆಕ್, ಮಾಡರ್ನಾ, ಎರಡೂ ಲಸಿಕೆಗಳ ಬುಡದಲ್ಲಿ ಇದ್ದದ್ದು ಇದೇ ಬದಲಾವಣೆಯ ತತ್ತ್ವ. ನಮ್ಮಲ್ಲಿ ಹೆಚ್ಚಿನವರು ಹಾಕಿಸ್ಕೊಂಡ ಕೋವಿಶೀಲ್ಡ್, ಕೋವ್ಯಾಕ್ಸಿನ್ ಬೇರೆ ತಂತ್ರದವು, ಆ ಮಾತು ಬೇರೆ. 2023ರಲ್ಲಿ ಕಾರಿಕೊ, ವೈಸ್‌ಮನ್ ಇಬ್ಬರಿಗೂ ವೈದ್ಯಕೀಯ ನೊಬೆಲ್ ಬಂತು.

ಈಗ ಲೆಕ್ಕ ಹಾಕಿ. ಆ 2005ರ ಪ್ರಬಂಧ ಕಾರಿಕೊ ಅವರ ಎಚ್-ಇಂಡೆಕ್ಸ್‌ಗೆ ಸೇರಿಸಿದ್ದು ಎಷ್ಟು? ಒಂದು. ಜಗತ್ತು ಕಣ್ಣೆತ್ತಿ ನೋಡದ ವರ್ಷಗಳಲ್ಲೂ ಹೆಚ್ಚಂದ್ರೆ ಒಂದು, ನೊಬೆಲ್ ಬಂದ ಮೇಲೂ ಒಂದೇ.

ಹಾಗಂತ ಎಣಿಸೋದನ್ನೇ ಬಿಡ್ಬೇಕಾ? ಬೇಡ. ಒಂದು ಹುದ್ದೆಗೆ ಇನ್ನೂರು ಅರ್ಜಿ ಬಂದ್ರೆ ಆಯ್ಕೆ ಸಮಿತಿ ಎಲ್ಲರ ಪ್ರಬಂಧ ಪೂರ್ತಿ ಓದೋಕಾಗಲ್ಲ. ಸಂಖ್ಯೆ ಇಲ್ಲದಿದ್ರೆ ಶಿಫಾರಸು, ಜಾತಿ, ಪರಿಚಯ ಆ ಜಾಗಕ್ಕೆ ಬಂದು ಕೂರುತ್ವೆ. ಹಾಗಾಗಿ ಸಂಖ್ಯೆ ಬೇಕು. ಆದ್ರೆ ಆಡಿಟರ್ ತರ ನಾಲ್ಕು ಪ್ರಶ್ನೆ ಕೇಳ್ಬೇಕು.

ಮೊದಲ ಪ್ರಶ್ನೆ: ಉಲ್ಲೇಖ ಮಾಡಿದ್ದು ಯಾಕೆ? ಜಗತ್ತಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದ ಪ್ರಬಂಧ 1951ರದ್ದು, ಆಲಿವರ್ ಲೌರಿ ಮತ್ತು ಸಂಗಡಿಗರದ್ದು. 3 ಲಕ್ಷಕ್ಕೂ ಹೆಚ್ಚು ಉಲ್ಲೇಖ. ಅದರಲ್ಲಿರೋದು ಒಂದು ದ್ರಾವಣದಲ್ಲಿ ಎಷ್ಟು ಪ್ರೋಟೀನ್ ಇದೆ ಅಂತ ಅಳೆಯೋ ವಿಧಾನ. ಎಲ್ಲರೂ ಬಳಸಿದ್ರು, ಎಲ್ಲರೂ ಹೆಸರು ಹಾಕಿದ್ರು. ಡಿಎನ್‌ಎಯ ಜೋಡಿ ಸುರುಳಿ ತೋರಿಸಿದ 1953ರ ಪ್ರಬಂಧ, 2014ರಲ್ಲಿ ‘ನೇಚರ್’ ಪತ್ರಿಕೆ ಮಾಡಿದ ಮೊದಲ 100ರ ಪಟ್ಟಿಯಲ್ಲಿ ಇರಲೇ ಇಲ್ಲ. ಇನ್ನೊಂದು ತುದಿಗೆ ಬನ್ನಿ. 1998ರಲ್ಲಿ ಆ್ಯಂಡ್ರ್ಯೂ ವೇಕ್‌ಫೀಲ್ಡ್ 12 ಮಕ್ಕಳನ್ನ ಇಟ್ಕೊಂಡು, ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿದೆ ಅನ್ನೋ ಭಯ ಹುಟ್ಟಿಸಿದ ಪ್ರಬಂಧ ಬರೆದ್ರು. 2010ರಲ್ಲಿ ‘ಲ್ಯಾನ್ಸೆಟ್’ ಅದನ್ನ ಹಿಂತೆಗೆದುಕೊಳ್ತು. ಅದಕ್ಕೂ ಸಾವಿರಕ್ಕೂ ಹೆಚ್ಚು ಉಲ್ಲೇಖ ಇದೆ, ಬಹುಪಾಲು ‘ಇದು ತಪ್ಪು’ ಅಂತ ಹೇಳೋಕೆ. ಎಣಿಸೋ ಯಂತ್ರಕ್ಕೆ ಹೊಗಳಿಕೆ, ಬೈಗುಳ ಎರಡೂ ಜಮಾ ಬದಿಯಲ್ಲೇ. ಅಂದ್ರೆ ಉಲ್ಲೇಖ ಅನ್ನೋದು ವಹಿವಾಟು, ಲಾಭ ಅಲ್ಲ. ಟರ್ನೋವರ್ ನೋಡಿ ಕಂಪನಿ ಚೆನ್ನಾಗಿದೆ ಅನ್ನೋಕಾಗುತ್ತಾ?

ಎರಡನೇ ಪ್ರಶ್ನೆ: ಪಾಲು ಯಾರದ್ದೆಷ್ಟು? ಪಾಲುದಾರಿಕೆ ಸಂಸ್ಥೆಯಲ್ಲಿ ಐದು ಜನ ಇದ್ರೆ ಲಾಭ ಐದು ಪಾಲಾಗುತ್ತೆ. ಎಚ್-ಇಂಡೆಕ್ಸ್‌ನಲ್ಲಿ ಐದು ಜನರಿಗೂ ತಲಾ ನೂರಕ್ಕೆ ನೂರು! ಐವತ್ತು ಜನರಿದ್ರೂ ಅಷ್ಟೇ. ವೈದ್ಯಕೀಯ ಸಂಶೋಧನೆಯಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಹೆಚ್ಚು ಕೆಲಸ ಮಾಡಿದವರದ್ದು, ಕೊನೆಯ ಹೆಸರು ಪ್ರಯೋಗಾಲಯದ ಮುಖ್ಯಸ್ಥರದ್ದು. ಆ 2005ರ ಪ್ರಬಂಧದಲ್ಲಿ ನಾಲ್ಕು ಹೆಸರು: ಮೊದಲು ಕಾರಿಕೊ, ಕೊನೆಗೆ ವೈಸ್‌ಮನ್. ಅಯೊನಿಡಿಸ್ ಪಟ್ಟಿಯಲ್ಲಿ ಮೆಚ್ಚಬೇಕಾದ್ದು ಇದೇ. ಅಲ್ಲಿ ಹೆಸರಿನ ಜಾಗ ನೋಡ್ತಾರೆ, ಸಹಲೇಖಕರ ಸಂಖ್ಯೆಗೆ ತಕ್ಕಂತೆ ಕಡಿತ ಮಾಡ್ತಾರೆ, ತಮ್ಮನ್ನ ತಾವೇ ಉಲ್ಲೇಖಿಸಿಕೊಂಡದ್ದನ್ನ ತೆಗೆದು ನೋಡಿದ ಲೆಕ್ಕವನ್ನೂ ಕೊಡ್ತಾರೆ.

ಮೂರನೇ ಪ್ರಶ್ನೆ: ಖಾತೆ ನಿಜವಾಗ್ಲೂ ಅದೇ ವ್ಯಕ್ತಿಯದ್ದಾ? ಇದು ನಮ್ಮ ಕಡೆಯ ತಲೆನೋವು. ನಮ್ಮ ಹೆಸರಲ್ಲಿ ಊರು, ಅಪ್ಪನ ಹೆಸರು ಎಲ್ಲ ಇನಿಶಿಯಲ್ ಆಗಿ ಮುದುಡಿಕೊಂಡಿರುತ್ತೆ. ಎಸ್. ಮಂಜುನಾಥ ಅಂತ ಹುಡುಕಿದ್ರೆ ಹತ್ತು ಜನರ ಪ್ರಬಂಧ ಒಂದೇ ರಾಶಿಗೆ ಬೀಳಬಹುದು. ಇಲ್ಲಾ ಒಬ್ಬರದ್ದೇ ಪ್ರಬಂಧ ಎಸ್. ಮಂಜುನಾಥ, ಮಂಜುನಾಥ ಎಸ್., ಮದುವೆ ಆದ ಹೆಣ್ಣುಮಕ್ಕಳಾದ್ರೆ ಇನ್ನೊಂದು ಹೆಸರು, ಹೀಗೆ ಹಂಚಿಹೋಗಬಹುದು. ಅದಕ್ಕೆ ಅಂತಲೇ 2012ರಲ್ಲಿ ಓರ್ಕಿಡ್ ಅನ್ನೋ 16 ಅಂಕಿಗಳ ಗುರುತಿನ ಸಂಖ್ಯೆ ಶುರುವಾಯ್ತು. ಉಚಿತ. ಎಂಎಸ್ಸಿ, ಎಂಡಿ ಮಾಡ್ತಿರೋರು ಕೇಳ್ತಿದ್ರೆ, ಮೊದಲ ಪ್ರಬಂಧ ಕಳಿಸೋಕೆ ಮುಂಚೆನೇ ಮಾಡಿಸ್ಕೊಳ್ಳಿ.

ನಾಲ್ಕನೇದು, ನನ್ನ ಮಟ್ಟಿಗೆ ಇದೇ ಮುಖ್ಯ: ಯಾರ ಜೊತೆ ಹೋಲಿಸ್ತಿದ್ದೀರಿ? 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬೀಳೋಕೆ ಶುರುವಾದಾಗ ಪತ್ತೆಯಾದ ವೈರಸ್ಸೇ ಮಂಗನ ಕಾಯಿಲೆಯದ್ದು. ಉಣ್ಣೆಯಿಂದ ಮನುಷ್ಯರಿಗೆ ಬರುತ್ತೆ. ಮಲೆನಾಡಿನವರಿಗೆ ಆ ಭಯ ನಾನು ಹೇಳಿಕೊಡ್ಬೇಕಾಗಿಲ್ಲ. ಆದ್ರೆ ಜಗತ್ತಲ್ಲಿ ಕ್ಯಾನ್ಸರ್ ಬಗ್ಗೆ ಬರೆಯೋರು ಲಕ್ಷಾಂತರ, ಮಂಗನ ಕಾಯಿಲೆ ಬಗ್ಗೆ ಬರೆಯೋರು ಬೆರಳೆಣಿಕೆ. ಬರೆಯೋರೇ ಕಡಿಮೆ ಅಂದ್ಮೇಲೆ ಉಲ್ಲೇಖಿಸೋರು ಎಲ್ಲಿಂದ ಬರ್ತಾರೆ? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್ ಇದಕ್ಕೆ 2016ರಲ್ಲಿ ಒಂದು ದಾರಿ ಮಾಡ್ತು: ಒಂದು ಪ್ರಬಂಧವನ್ನ ಅದರದ್ದೇ ವಿಷಯದ ಪ್ರಬಂಧಗಳ ಜೊತೆ ಮಾತ್ರ ಹೋಲಿಸೋ ಅನುಪಾತ. ಅಂಕ 1 ಅಂದ್ರೆ ಅವರ ಅನುದಾನದ ಪ್ರಬಂಧಗಳ ಮಧ್ಯಮ ಮಟ್ಟ, 2 ಅಂದ್ರೆ ಅದರ ಎರಡರಷ್ಟು. ಐಸೈಟ್ ಅನ್ನೋ ತಾಣದಲ್ಲಿ ಯಾರು ಬೇಕಾದ್ರೂ ಉಚಿತವಾಗಿ ನೋಡಬಹುದು. ಇದೂ ಪರಿಪೂರ್ಣ ಅಲ್ಲ, ಆದ್ರೆ ಬರೀ ಎಣಿಕೆಗಿಂತ ನ್ಯಾಯ.

ಇಷ್ಟೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ಅಳತೆ ಸುಮ್ನೆ ಅಳೆದು ಹೋಗಲ್ಲ, ಜನರನ್ನ ಬಗ್ಗಿಸುತ್ತೆ. ವೈದ್ಯಕೀಯ ಕಾಲೇಜಲ್ಲಿ ಬಡ್ತಿಗೆ ಪ್ರಬಂಧ ಬೇಕು ಅಂದ್ರೆ, ಹಗಲೆಲ್ಲ ರೋಗಿಗಳನ್ನ ನೋಡೋ ಡಾಕ್ಟರ್ ರಾತ್ರಿ ಕೂತು ಯಾರಿಗೂ ಬೇಡದ ಪ್ರಬಂಧ ಬರೀತಾರೆ. ಬರೆಯೋಕೆ ಆಗದಿದ್ರೆ ದುಡ್ಡು ಕೊಟ್ಟು ಬರೆಸೋ ಪೇಪರ್ ಮಿಲ್‌ಗಳಿವೆ. ನೀನು ನನ್ನದನ್ನ ಉಲ್ಲೇಖಿಸು, ನಾನು ನಿನ್ನದನ್ನ ಅನ್ನೋ ಕೂಟಗಳಿವೆ. ಕೊನೆಗೆ ಆ ಪ್ರಬಂಧ ನಂಬಿ ಔಷಧ ಬರೆಸ್ಕೊಳ್ಳೋದು ನಾನು, ನೀವು, ನಮ್ಮ ಮನೆಯವರು.

2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಜೀವಕೋಶ ವಿಜ್ಞಾನಿಗಳು, ಸಂಪಾದಕರು ಒಂದು ಘೋಷಣೆ ಸಿದ್ಧಮಾಡಿದ್ರು, ಅದರ ಹೆಸರು ಡೋರಾ. ಸಾರಾಂಶ ಇಷ್ಟೇ: ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ವ್ಯಕ್ತಿಗೆ ಬೆಲೆ ಕಟ್ಟಬೇಡಿ, ಕೆಲಸವನ್ನ ಓದಿ. ಇಂಪ್ಯಾಕ್ಟ್ ಫ್ಯಾಕ್ಟರ್ ಅಂದ್ರೆ ಆ ಜರ್ನಲ್‌ನ ಹಿಂದಿನ ಎರಡು ವರ್ಷದ ಪ್ರಬಂಧಗಳಿಗೆ ಒಂದು ವರ್ಷದಲ್ಲಿ ಬಂದ ಉಲ್ಲೇಖಗಳ ಸರಾಸರಿ. ಕ್ಲಾಸಿನ ಸರಾಸರಿ ಮಾರ್ಕ್ಸ್ ನೋಡಿ ಒಬ್ಬ ಹುಡುಗನಿಗೆ ರ‍್ಯಾಂಕ್ ಕೊಟ್ಟಂಗೆ. ಸಾವಿರಾರು ಸಂಸ್ಥೆಗಳು ಈ ಘೋಷಣೆಗೆ ಸಹಿ ಹಾಕಿವೆ. ಸಹಿ ಹಾಕೋದು ಸುಲಭ, ಓದೋದು ಕಷ್ಟ.

ನಿಮಗೊಂದು ಕೆಲಸ ಕೊಡ್ತೀನಿ. ಪಿಎಚ್‌ಡಿ ಮಾರ್ಗದರ್ಶಕರನ್ನ ಹುಡುಕ್ತಿದ್ದೀರಾ? ಇಲ್ಲಾ ‘ಇನ್ನೂರು ಪ್ರಬಂಧ ಬರೆದ ಖ್ಯಾತ ತಜ್ಞ’ ಅನ್ನೋ ಬೋರ್ಡ್ ನೋಡಿದ್ರಾ? ಫೋನ್ ತೆಗೆದು ಪಬ್‌ಮೆಡ್‌ನಲ್ಲಿ ಹೆಸರು ಹಾಕಿ. ಎಷ್ಟು ಅಂತ ಎಣಿಸೋಕೆ ಮುಂಚೆ ಮೂರೇ ಮೂರು ಪ್ರಬಂಧದ ಸಾರಾಂಶ ಓದಿ. ಹೆಸರು ಮೊದಲಿದೆಯಾ, ಕೊನೆಯಲ್ಲಿದೆಯಾ, ಐವತ್ತು ಜನರ ನಡುವೆ ಎಲ್ಲೋ ಇದೆಯಾ ನೋಡಿ. ‘ಹಿಂತೆಗೆದುಕೊಳ್ಳಲಾಗಿದೆ’ ಅನ್ನೋ ಕೆಂಪು ಪಟ್ಟಿ ಇದೆಯಾ ನೋಡಿ. ಮಾರ್ಗದರ್ಶಕರಾದ್ರೆ, ಅವರ ಹಳೇ ವಿದ್ಯಾರ್ಥಿಗಳ ಹೆಸರು ಮೊದಲ ಜಾಗದಲ್ಲಿ ಬಂದಿದೆಯಾ ಅಂತ ಖಂಡಿತ ನೋಡಿ. ವಿದ್ಯಾರ್ಥಿಗೆ ಜಾಗ ಕೊಡೋ ಗುರುವಿನ ಗುಣ ಯಾವ ಇಂಡೆಕ್ಸ್‌ನಲ್ಲೂ ಸಿಗಲ್ಲ, ಆ ಲೇಖಕರ ಸಾಲಲ್ಲಿ ಸಿಗುತ್ತೆ. ಹತ್ತು ನಿಮಿಷ ಸಾಕು.

ಈ ವರ್ಷವೂ ಆ ಶೇ. 2ರ ಸುದ್ದಿ ಬರುತ್ತೆ. ಅಭಿನಂದನೆ ಹೇಳಿ, ಜೊತೆಗೆ ಒಂದು ಪ್ರಶ್ನೆ ಕೇಳಿ: ‘ಸಾರ್, ಮೇಡಂ, ನೀವು ಕಂಡುಹಿಡಿದಿದ್ದೇನು, ಸ್ವಲ್ಪ ಹೇಳ್ತೀರಾ?’ ನಿಜವಾಗಿ ಕೆಲಸ ಮಾಡಿದವರಿಗೆ ಆ ಹೂಗುಚ್ಛಕ್ಕಿಂತ ಈ ಪ್ರಶ್ನೆನೇ ಜಾಸ್ತಿ ಇಷ್ಟ ಆಗುತ್ತೆ. ಉತ್ತರ ಸಿಕ್ರೆ ನನಗೂ ಕಳಿಸಿ, ಮುಂದೊಂದು ಸಂಚಿಕೆಯಲ್ಲಿ ಎಲ್ಲರಿಗೂ ಕೇಳಿಸ್ತೀನಿ.