ಖಾನನ ಅರಮನೆಯ ಬೆಳ್ಳಿ ಮರ

ಕುರಿ, ಕುದುರೆ ಮೇಯಿಸುತ್ತ ಗುಡಾರಗಳಲ್ಲಿ ಬಾಳುತ್ತಿದ್ದ ಮಂಗೋಲರು ಚೀನಾದ ಕಡಲ ತೀರದಿಂದ ಪರ್ಷಿಯಾದವರೆಗೆ, ರಷ್ಯಾದವರೆಗೆ ಆಳಿದ್ದು ಹೇಗೆ? ಕ್ರೌರ್ಯದಿಂದ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ವಾಡಿಕೆ. ಕ್ರೌರ್ಯ ಧಾರಾಳವಾಗಿಯೇ ಇತ್ತು. ಆದರೆ ಆ ಕಾಲದಲ್ಲಿ ಕ್ರೂರ ದೊರೆಗಳಿಗೇನೂ ಬರವಿರಲಿಲ್ಲ. ಅವರೆಲ್ಲ ಇಷ್ಟು ದೊಡ್ಡ ರಾಜ್ಯ ಕಟ್ಟಲಿಲ್ಲ.

ಈ ರಾಜ್ಯಕ್ಕೆ ತಳಪಾಯ ಹಾಕಿದ ತೆಮುಜಿನ್ ಒಂಬತ್ತು ವರ್ಷದ ಹುಡುಗನಾಗಿದ್ದಾಗ ಅವನ ತಂದೆಗೆ ಹಗೆಗಳು ವಿಷವಿಕ್ಕಿದರು. ಸ್ವಂತ ಕುಲದವರೇ ತಾಯಿಮಕ್ಕಳನ್ನು ಬಯಲಲ್ಲಿ ಬಿಟ್ಟು ಹೊರಟುಹೋದರು. 1206ರಲ್ಲಿ ಓನಾನ್ ನದಿಯ ಬಳಿ ಕೂಡಿದ ಮಹಾಸಭೆ ಅವನನ್ನು ಚೆಂಗೀಸ್ ಖಾನ್ ಎಂದು ಒಪ್ಪಿಕೊಂಡಿತು. ಆಗ ಅವನು ಕೈಯಿಟ್ಟದ್ದು ಕುಲದ ಕಟ್ಟಿಗೇ. ಬೇರೆ ಬೇರೆ ಬುಡಕಟ್ಟುಗಳವರನ್ನು ಬೆರೆಸಿ ಹತ್ತು, ನೂರು, ಸಾವಿರ, ಹತ್ತು ಸಾವಿರದ ದಳಗಳನ್ನು ಮಾಡಿದ. ದಳಪತಿಯಾಗಲು ವಂಶಕ್ಕಿಂತ ನಿಷ್ಠೆ, ಸಾಮರ್ಥ್ಯಗಳು ಮುಖ್ಯವಾದವು. ಹಗೆತನದಲ್ಲಿ ಪೋಲಾಗುತ್ತಿದ್ದ ಹುಲ್ಲುಗಾವಲಿನ ಕಸುವೆಲ್ಲ ಒಂದೇ ಕಡೆ ತಿರುಗಿತು.

ಒಬ್ಬೊಬ್ಬ ಸವಾರನಿಗೂ ಹಲವು ಕುದುರೆಗಳು. ಒಂದು ದಣಿದರೆ ಇನ್ನೊಂದನ್ನೇರಿ ಮುಂದುವರಿಯುತ್ತಿದ್ದ. ಕೊಂಬು, ಮರ, ನರಗಳನ್ನು ಅಂಟಿಸಿ ಮಾಡಿದ ಗಿಡ್ಡ ಬಿಲ್ಲಿನಿಂದ ಓಡುವ ಕುದುರೆಯ ಮೇಲಿಂದಲೇ ಗುರಿಯಿಟ್ಟು ಹೊಡೆಯುತ್ತಿದ್ದ. ಬಯಲಿನ ಯುದ್ಧಕ್ಕೆ ಇಷ್ಟು ಸಾಕು, ಕೋಟೆ ಮುರಿಯಲು ಸಾಲದು. ಆ ವಿದ್ಯೆಯನ್ನು ಚೀನೀ ಕುಶಲಿಗಳಿಂದ ಪಡೆದರು. ತಮಗೆ ಬಾರದ್ದನ್ನು ಬಲ್ಲವರಿಂದ ಮಾಡಿಸಿಕೊಳ್ಳುವುದರಲ್ಲಿ ಅವರಿಗೆ ಸಂಕೋಚವಿರಲಿಲ್ಲ.

ಮಧ್ಯ ಏಷ್ಯಾದ ಖ್ವಾರಜ್ಮ್ ರಾಜ್ಯದ ಒತ್ರಾರ್ ಪಟ್ಟಣದ ಅಧಿಕಾರಿ ಮಂಗೋಲರ ಕಡೆಯ ವರ್ತಕರನ್ನು ಕೊಲ್ಲಿಸಿದ ನೆಪದಲ್ಲಿ 1219ರಲ್ಲಿ ಆ ರಾಜ್ಯದ ಮೇಲೆ ದಂಡು ಹೊರಟಿತು. ಮರುವರ್ಷ ಅಲ್ಲಿನ ಬುಖಾರಾ, ಸಮರಕಂದಗಳು ಬಿದ್ದವು. ಗೆದ್ದ ಊರುಗಳಲ್ಲಿ ನೇಕಾರ, ಕಮ್ಮಾರ, ಅಕ್ಕಸಾಲಿಗಳನ್ನು ಬೇರೆ ನಿಲ್ಲಿಸಿ, ಜೀವ ಉಳಿಸಿ, ದೂರದ ಸೀಮೆಗಳಿಗೆ ಸಾಗಿಸುತ್ತಿದ್ದರು.

ಅಂಥ ಒಬ್ಬ ಕುಶಲಿಯ ಕೆಲಸವನ್ನು ಹತ್ತಿರದಿಂದ ನೋಡೋಣ. 1254ರಲ್ಲಿ ರಾಜಧಾನಿ ಕಾರಾಕೋರಮ್‌ಗೆ ಬಂದ ಕ್ರೈಸ್ತ ಸನ್ಯಾಸಿ ವಿಲಿಯಂ ಆಫ್ ರುಬ್ರುಕ್, ಚೆಂಗೀಸನ ಮೊಮ್ಮಗ ಮೋಂಕೆ ಖಾನನ ಅರಮನೆಯಲ್ಲಿ ಒಂದು ಬೆಳ್ಳಿ ಮರ ಕಂಡ. ಬುಡದಲ್ಲಿ ನಾಲ್ಕು ಬೆಳ್ಳಿ ಸಿಂಹಗಳು. ಅವುಗಳ ಬಾಯಿಂದ ಕುದುರೆ ಹಾಲು. ಮೇಲಿಂದ ಇಳಿಬಿದ್ದ ಕೊಳವೆಗಳಲ್ಲಿ ದ್ರಾಕ್ಷಾರಸ, ತಿಳಿಗೊಳಿಸಿದ ಕುದುರೆ ಹಾಲು, ಜೇನಿನ ಮದ್ಯ, ಅಕ್ಕಿಯ ಮದ್ಯ. ತುದಿಯಲ್ಲಿ ಕಹಳೆ ಹಿಡಿದ ದೇವದೂತ. ಅದನ್ನು ಊದಲು ಕೆಳಗೆ ಬಚ್ಚಿಟ್ಟುಕೊಂಡ ಒಬ್ಬ ಆಳು. ಇದನ್ನು ಮಾಡಿದವನು ಗಿಯೋಮ್ ಬುಷೆ ಎಂಬ ಪ್ಯಾರಿಸ್ಸಿನ ಅಕ್ಕಸಾಲಿ. ಮಂಗೋಲರು ಹಂಗೇರಿಯ ಮೇಲೆ ಮಾಡಿದ ದಾಳಿಯಲ್ಲಿ ಸೆರೆಸಿಕ್ಕವನು.

1258ರಲ್ಲಿ ಮೋಂಕೆಯ ತಮ್ಮ ಹುಲಾಗು ಬಾಗ್ದಾದನ್ನು ಧ್ವಂಸ ಮಾಡಿ ಖಲೀಫನನ್ನು ಕೊಲ್ಲಿಸಿದ. ಮರುವರ್ಷ ಅದೇ ಹುಲಾಗುವಿನ ಆಶ್ರಯದಲ್ಲಿ ಖಗೋಳಜ್ಞ ನಾಸಿರುದ್ದೀನ್ ತೂಸಿ ಪರ್ಷಿಯಾದ ಮರಾಘಾದಲ್ಲಿ ಖಗೋಳ ವೀಕ್ಷಣಾಲಯ ಕಟ್ಟತೊಡಗಿದ. ಸಾಮ್ರಾಜ್ಯದ ದಾರಿಗಳ ಉದ್ದಕ್ಕೂ ಅಂಚೆಯ ತಂಗುದಾಣಗಳಿದ್ದವು. ಖಾನನ ಮುದ್ರೆಯ ಬಿಲ್ಲೆ ತೋರಿಸಿದ ದೂತನಿಗೆ ಹೊಸ ಕುದುರೆ, ಊಟ ಸಿಗುತ್ತಿತ್ತು. ಪರ್ಷಿಯಾದ ಕೋಬಾಲ್ಟ್ ಬಣ್ಣ ಚೀನಾದ ಜಿಂಗ್‌ಡೆಜೆನ್ ಕುಂಬಾರರ ಕೈ ಸೇರಿ, ಬಿಳಿ ಪಿಂಗಾಣಿಯ ಮೇಲೆ ನೀಲಿ ಚಿತ್ತಾರ ಬೆಳೆಯಿತು.

ಸಾಮ್ರಾಜ್ಯ ದಾಯಾದಿಗಳ ಜಗಳದಲ್ಲಿ ಹೋಳಾಯಿತು. 1279ರಲ್ಲಿ ಚೀನಾವನ್ನು ಪೂರ್ತಿ ಗೆದ್ದ ಕುಬ್ಲಾಯ್ ಖಾನನ ವಂಶ 1368ರಲ್ಲಿ ಬೀಜಿಂಗ್ ಬಿಟ್ಟೋಡಿತು. ಆದರೆ ಅವರು ರಾಜಧಾನಿ ಮಾಡಿದ ಆ ನಗರ ಇಂದೂ ಚೀನಾದ ರಾಜಧಾನಿ. ಇತ್ತ ಭಾರತದಲ್ಲಿ, ತಾಯಿಯ ಕಡೆಯಿಂದ ಚೆಂಗೀಸನ ವಂಶದವನಾದ ಬಾಬರ್ 1526ರಲ್ಲಿ ದೆಹಲಿ ಗೆದ್ದ.

ಮಂಗೋಲರು ಪೂರ್ವಪಶ್ಚಿಮಗಳನ್ನು ಬೆಸೆದರೆಂದು ಹೊಗಳುವಾಗ ಒಂದು ಮಾತನ್ನು ಬಿಡಬಾರದು. ಬುಷೆಯಂಥವರು ತಾವಾಗಿ ಹೊರಟ ಯಾತ್ರಿಕರಲ್ಲ; ಊರು ಸುಟ್ಟ ಮೇಲೆ ಎಳೆದೊಯ್ಯಲ್ಪಟ್ಟವರು. ವಿದ್ಯೆ ಹರಡಿದ್ದು ನಿಜ. ಅದರ ಬೆಲೆಯನ್ನು ತೆತ್ತದ್ದು ಮಾತ್ರ ಸೋತ ಊರುಗಳ ಜನ. ಇವೆರಡನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆದಾಗಲೇ ಆ ಚರಿತ್ರೆ ಪೂರ್ತಿಯಾಗುತ್ತದೆ.